ನಾಯಿ ಕಡಿತದ ಲಸಿಕೆ ಚೀಟಿ ಎಸೆಯಬೇಡಿ
ರೇಬೀಸ್ ಲಸಿಕೆಯ ಕೋರ್ಸ್ ಮುಗಿಸಿದವರು ಆ ಚೀಟಿಯ ಫೋಟೊ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ, ದಿನಾಂಕಗಳು ಸ್ಪಷ್ಟವಾಗಿ ಕಾಣಬೇಕು. ಮತ್ತೆ ನಾಯಿಯೋ ಬೆಕ್ಕೋ ಕಚ್ಚಿದರೆ ಅದನ್ನು ವೈದ್ಯರಿಗೆ ತೋರಿಸಿ. ಈ ಬಾರಿಯ ಮೊದಲ ಸೂಜಿಯ ದಿನವನ್ನು 0 ಎಂದು ಹಿಡಿದು 0 ಮತ್ತು 3ನೇ ದಿನ ಎರಡು ಡೋಸ್ ಸಾಕಾಗುತ್ತದೆ; ಗಾಯದ ಸುತ್ತ ಚುಚ್ಚುವ ಇಮ್ಯುನೋಗ್ಲೋಬ್ಯುಲಿನ್ (ರೇಬೀಸ್ ವೈರಸ್ ತಡೆಯುವ ಸಿದ್ಧ ಪ್ರತಿಕಾಯಗಳ ಮದ್ದು) ಬೇಕಿಲ್ಲ. ಹಿಂದಿನ ಲಸಿಕೆಯನ್ನು ದೇಹ ನೆನಪಿಟ್ಟುಕೊಂಡಿರುತ್ತದೆ, ಒಂದೆರಡು ಡೋಸ್ ಬಿದ್ದ ಕೂಡಲೇ ವೈರಸ್ ವಿರುದ್ಧ ಹೋರಾಡುವ ಪ್ರತಿಕಾಯಗಳು ಬೇಗ ಏರುತ್ತವೆ. ಆದರೆ ಕೋರ್ಸ್ ಅರ್ಧಕ್ಕೆ ಬಿಟ್ಟಿದ್ದರೆ, ದಾಖಲೆ ಇಲ್ಲದಿದ್ದರೆ, ಅಥವಾ ಹಿಂದೆ ಹೊಕ್ಕುಳ ಸುತ್ತ ಹಾಕುತ್ತಿದ್ದ ಹಳೇ ಕಾಲದ ಸೂಜಿಯಾಗಿದ್ದರೆ ಈ ಲೆಕ್ಕ ನಡೆಯದು, ಹೊಸದಾಗಿ ಪೂರ್ತಿ ಕೋರ್ಸ್ ಮಾಡಬೇಕು. ಕ್ಯಾನ್ಸರ್ ಚಿಕಿತ್ಸೆ, ಎಚ್‌ಐವಿ ಮುಂತಾದ ಕಾರಣದಿಂದ ರೋಗನಿರೋಧಕ ಶಕ್ತಿ ಕುಂದಿರುವವರು ಅದನ್ನು ಮೊದಲೇ ಹೇಳಿಬಿಡಿ, ಅವರಿಗೂ ಎರಡು ಡೋಸ್ ಸಾಲದು. ಇನ್ನು ಗಾಯ ತೊಳೆಯುವುದಕ್ಕೆ ಮಾತ್ರ ಯಾರಿಗೂ ರಿಯಾಯಿತಿ ಇಲ್ಲ: ನಲ್ಲಿ ಬಿಟ್ಟು, ಸೋಪು ಹಚ್ಚಿ, ಗಡಿಯಾರ ನೋಡಿಕೊಂಡು 15 ನಿಮಿಷ. (ಎರಡು ನಿಮಿಷಕ್ಕೇ ಸಾಕು ಅನಿಸುತ್ತದೆ, ಸಾಲದು.) ಆಮೇಲೆ ಪೊವಿಡೋನ್ ಅಯೋಡಿನ್ ಎಂಬ ಸೋಂಕುನಿವಾರಕ ಹಚ್ಚಿ. ಸುಣ್ಣ, ಅರಿಶಿನ, ಖಾರದ ಪುಡಿ ಬೇಡವೇ ಬೇಡ.