ಆಡಿಷನ್‌ಗೆ ಚೀಟಿ ಎತ್ತಿ ಅಭ್ಯಾಸ
ಸಂಗೀತ ಪದವಿಯ ಆಡಿಷನ್‌ಗೆ ತಯಾರಾಗುವವರು ಪ್ರತಿ ರಚನೆಯಲ್ಲೂ ಆರು ಕಡೆ ಪೆನ್ಸಿಲ್ ಗುರುತು ಹಾಕಿ, 1ರಿಂದ 6ರವರೆಗೆ ಚೀಟಿ ಬರೆದಿಡಿ. ದಿನಕ್ಕೆ ಮೂರು ಚೀಟಿ ಎತ್ತಿ, ಬಂದ ಜಾಗದಿಂದ 10 ಸೆಕೆಂಡಿನೊಳಗೆ ಶುರುಮಾಡಿ. ಮೊದಲ ಸಲ ನುಡಿಸಿದ್ದೇ ಲೆಕ್ಕ. ಸದಾ ಮೊದಲಿಂದಲೇ ನುಡಿಸುತ್ತಿದ್ದರೆ ನೆನಪು ಸರಪಳಿಯಾಗುತ್ತದೆ, ಒಂದು ಕೊಂಡಿ ಕಳಚಿದರೆ ಮುಂದಿನದು ಕೈಗೆ ಸಿಗುವುದಿಲ್ಲ. ತೀರ್ಪುಗಾರರೋ ಅರ್ಧಕ್ಕೇ ನಿಲ್ಲಿಸಿ 'ಆ ವೇಗದ ಭಾಗ ನುಡಿಸಿ' ಅನ್ನುವುದು ಮಾಮೂಲು. ಗುರುತು ಪುಟದ ಸಾಲು ಶುರುವಾಗುವಲ್ಲಿ ಬೇಡ, ಸಂಗೀತದ ಉಸಿರು, ಅಂದರೆ ಒಂದು ಹೊಸ ಸ್ವರವಾಕ್ಯ, ಶುರುವಾಗುವಲ್ಲಿ ಇರಲಿ. ಬೆರಳು ಇನ್ನೂ ಕೂರದ ರಚನೆಗೆ ಇದು ನಡೆಯದು, ತಪ್ಪೇ ಗಟ್ಟಿಯಾಗುತ್ತದೆ. ಸಂದರ್ಶನದ ಪ್ರಶ್ನೆಗಳಿಗೂ ಚೀಟಿ ಮಾಡಬಹುದು: 'ಈ ರಚನೆಯನ್ನೇ ಏಕೆ ಆರಿಸಿದಿರಿ?' ಉತ್ತರವನ್ನು ಮಾತ್ರ ಬಾಯಿಪಾಠ ಮಾಡಬೇಡಿ, ಮಗ್ಗಿ ಒಪ್ಪಿಸಿದಂತೆ ಕೇಳಿಸುತ್ತದೆ.