ಹಂಪಿಯಿಂದ ಪೆನುಕೊಂಡಕ್ಕೆ: ಕನ್ನಡದಲ್ಲಿ ಪೋಸ್ಟ್ ಹಾಕಿ ಆಡಿದ ಆರ್‌ಪಿಜಿ, ನನ್ನ ಅನುಭವ

ಕೊನೆಗೂ ಆಟ ಮುಗಿಸಿದೆವು. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತಾ ಒಟ್ಟಿಗೆ ಕಥೆ ಕಟ್ಟುವ ಆಟಕ್ಕೆ ಆರ್‌ಪಿಜಿ ಅನ್ನುತ್ತಾರೆ. ಎದುರೆದುರು ಕೂರದೆ ಪೋಸ್ಟ್ ಹಾಕುತ್ತಾ ಆಡುವ ಆರ್‌ಪಿಜಿ, ಅದೂ ಪೂರ್ತಿ ಕನ್ನಡದಲ್ಲಿ ಅಂದಾಗ ನಾವು ವಾರಾಂತ್ಯದಲ್ಲಿ ಕೂತು ಆಡುವ ಟೇಬಲ್‌ನವರೇ ಮೂಗು ಮುರಿದಿದ್ದರು. ಮೂರು ವಾರ ನಡೆದರೆ ಜಾಸ್ತಿ, ಕೂತು ಕನ್ನಡ ಟೈಪ್ ಮಾಡೋರು ಯಾರು ಅಂತ. ಒಂಬತ್ತು ತಿಂಗಳ ಹತ್ತಿರ ನಡೆಯಿತು. ಐದು ಜನ ಸೇರಿ ಶುರು ಮಾಡಿದ್ದು, ನಾಲ್ಕು ಜನ ಕೊನೆ ತನಕ ಇದ್ದರು. ನಡೆಸಿದವರಿಗೆ ಗೊತ್ತು, ಇದು ಸಣ್ಣ ಮಾತಲ್ಲ.

ಪೋಸ್ಟ್ ಆಟವೇ ಯಾಕೆ ಅಂದರೆ ಬೇರೆ ದಾರಿ ಇರಲಿಲ್ಲ. ಒಬ್ಬರು ನ್ಯೂಜೆರ್ಸಿಯಲ್ಲಿ, ಒಬ್ಬರು ಜರ್ಮನಿಯಲ್ಲಿ, ಉಳಿದವರು ಬೆಂಗಳೂರು, ಧಾರವಾಡ. ಚಳಿಗಾಲದಲ್ಲಿ ನ್ಯೂಜೆರ್ಸಿ ನಮಗಿಂತ ಹತ್ತೂವರೆ ಗಂಟೆ ಹಿಂದೆ, ಎಲ್ಲರಿಗೂ ಬಿಡುವಿರುವ ಹೊತ್ತು ಸಿಗುವುದೇ ಕಷ್ಟ.

ಕಥೆ 1565ರದ್ದು. ತಾಳಿಕೋಟೆಯಲ್ಲಿ ರಾಮರಾಯ ಬಿದ್ದಿದ್ದಾನೆ, ತಿರುಮಲರಾಯ ಖಜಾನೆಯನ್ನು ಆನೆಗಳ ಮೇಲೆ ಹೇರಿಕೊಂಡು ಪೆನುಕೊಂಡದ ಕಡೆ ಹೊರಟಿದ್ದಾನೆ. ಇಷ್ಟು ಇತಿಹಾಸ. ಅದರಲ್ಲಿ ಒಂದು ಆನೆ ಸಾಲು ತಪ್ಪಿದೆ, ಅದು ನನ್ನ ಕಥೆ. ಪಾತ್ರಗಳು ಮಾವುತ, ಲೆಕ್ಕ ಬರೆಯುವ ಕರಣಿಕ, ಬೇಡರ ಹುಡುಗಿ, ದೇವಸ್ಥಾನದ ಅಡುಗೆಯವ, ಗೋವಾದಿಂದ ಕುದುರೆ ತಂದ ಪೋರ್ಚುಗೀಸ್ ವ್ಯಾಪಾರಿ. ನಿಯಮಕ್ಕೆ ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್) ಆಟದ ಐದನೇ ಆವೃತ್ತಿಯ ಎಸ್‌ಆರ್‌ಡಿ, ಅಂದರೆ ಅದರ ಮೂಲ ನಿಯಮಗಳ ದಾಖಲೆ. 2023ರಲ್ಲಿ ಅದು ಎಲ್ಲರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಬಂದ ಮೇಲೆ ಮೂಲದ ಹೆಸರು ಹಾಕಿ ಕನ್ನಡಕ್ಕೆ ತಂದುಕೊಳ್ಳಬಹುದು, ಯಾರ ಅಪ್ಪಣೆಯೂ ಬೇಕಿಲ್ಲ. ಮಂತ್ರಗಳನ್ನೆಲ್ಲ ಕಿತ್ತುಹಾಕಿದೆ.

ಮೊದಲು ಫೋನಿನ ಚಾಟ್ ಗ್ರೂಪ್‌ನಲ್ಲಿ ಆಡಿದ್ದು. ಕಥೆ, ಹರಟೆ, "ನಾಳೆ ಬರೀತೀನಿ ಗುರು" ಎಲ್ಲಾ ಕಲಸಿಹೋಗಿ, ಎರಡು ದಿನ ನೋಡದವರಿಗೆ ಆನೆ ಎಲ್ಲಿದೆ ಅಂತಲೇ ತಿಳಿಯುತ್ತಿರಲಿಲ್ಲ. ಆಮೇಲೆ ಇಂಥ ಆಟಕ್ಕೆಂದೇ ಇರುವ ಒಂದು ಆನ್‌ಲೈನ್ ಟೇಬಲ್‌ಗೆ ತಿಂಗಳಿಗೆ ನಾನೂರು ಚಿಲ್ಲರೆ ಕಟ್ಟಿ ಮೂರ್ನಾಲ್ಕು ತಿಂಗಳು ಇಟ್ಟುಕೊಂಡೆ. ಫೋನಿನಲ್ಲಿ ತೆರೆಯುವುದೇ ಕಷ್ಟ, ಒತ್ತಕ್ಷರ ಒಡೆದು ಕಾಣುತ್ತಿತ್ತು, ದುಡ್ಡು ದಂಡ. ಕೊನೆಗೆ ಡಿಸ್ಕಾರ್ಡ್ ಅನ್ನೋ ಚಾಟ್ ಆ್ಯಪ್‌ನಲ್ಲಿ ಮೂರು ಚಾನೆಲ್: ಕಥೆ, ಹರಟೆ, ದಾಳ. ಕಥೆ ಚಾನೆಲ್‌ನಲ್ಲಿ ಕಥೆ ಬಿಟ್ಟು ಒಂದು ಎಮೋಜಿಯೂ ಇಲ್ಲ.

ಆದರೆ ಪೋಸ್ಟ್ ಆಟ ನಿಜವಾಗಿ ಸಾಯುವುದು ಕಥೆಯೊಳಗಿನ ಜಗಳದಲ್ಲಿ. ಹಗರಿ ಹೊಳೆಯ ಮರಳಲ್ಲಿ ಕಳ್ಳರು ಅಡ್ಡ ಹಾಕಿದರು. ಇನಿಶಿಯೇಟಿವ್ (ದಾಳ ಹಾಕಿ ಗೊತ್ತು ಮಾಡುವ ಸರದಿ) ಪ್ರಕಾರ ಒಬ್ಬೊಬ್ಬರೇ ಬರೆಯಬೇಕು. ಕರಣಿಕನ ಸರದಿ ಬಂದಾಗ ಅವರು ಆಫೀಸಿನ ಆಡಿಟ್‌ನಲ್ಲಿ ಮುಳುಗಿದ್ದಾರೆ. ಒಂದು ಸುತ್ತಿಗೆ ಎಂಟು ಹತ್ತು ದಿನ, ಮೂರು ಸುತ್ತು ಮುಗಿಯುವ ಹೊತ್ತಿಗೆ ತಿಂಗಳು ಕಳೆದಿತ್ತು. ಪೋರ್ಚುಗೀಸ್ ವ್ಯಾಪಾರಿ ನಮ್ಮನ್ನು ಬಿಟ್ಟು ಹೋದದ್ದು ಅಲ್ಲೇ.

ಮುಂದಿನ ಜಗಳದಿಂದ ಸರದಿಯನ್ನೇ ತೆಗೆದೆ. ಎದುರಾಳಿಗಳೆಲ್ಲರ ಪರವಾಗಿ ಒಂದೇ ದಾಳ. ತಮ್ಮ ದಾಳದಲ್ಲಿ ಅದನ್ನು ಮೀರಿದವರೆಲ್ಲ ಮೊದಲು, ಯಾರು ಮುಂಚೆ ಬರೆದರೂ ಸರಿ. ಆಮೇಲೆ ಎದುರಾಳಿಗಳು, ಆಮೇಲೆ ನಮ್ಮವರೆಲ್ಲ. ಪ್ರತಿ ಪೋಸ್ಟ್‌ಗೂ ಒಂದು "ಇಲ್ಲದಿದ್ದರೆ" ಸಾಲು ಕಡ್ಡಾಯ. ಬೇಡರ ಹುಡುಗಿ ಒಮ್ಮೆ ಹೀಗೆ ಬರೆದಳು: "ಈಟಿ ಹಿಡಿದವನ ಮೊಣಕಾಲಿಗೆ ಬಾಣ. ಅವನು ಅಷ್ಟರಲ್ಲೇ ಬಿದ್ದಿದ್ದರೆ ಆನೆಯ ಹಗ್ಗ ಹಿಡಿದವನ ಕೈಗೆ. ಇಬ್ಬರೂ ಇಲ್ಲದಿದ್ದರೆ ಬಂಡೆ ಹತ್ತುತ್ತೇನೆ." ಇಷ್ಟಿದ್ದರೆ ಆಟ ನಡೆಸುವ ಜಿಎಂ (ಗೇಮ್ ಮಾಸ್ಟರ್, ಇಲ್ಲಿ ನಾನು) ಯಾರನ್ನೂ ಕಾಯಬೇಕಿಲ್ಲ, ಅಲ್ವಾ? ದಾಳವೂ ನಾನೇ ಉರುಳಿಸಿದೆ, ಬಾಟ್ ಅನ್ನೋ ಪುಟ್ಟ ಪ್ರೋಗ್ರಾಂನಲ್ಲಿ, ಎಲ್ಲರಿಗೂ ಕಾಣುವ ಹಾಗೆ. ಸೋಮವಾರ, ಗುರುವಾರ ರಾತ್ರಿ ಹತ್ತಕ್ಕೆ ಕಥೆ ಮುಂದೆ ಹೋಗುತ್ತದೆ, ಯಾರು ಬರೆದಿರಲಿ ಬಿಡಲಿ. ಬರೆಯದವರ ಪಾತ್ರ ಆ ಸುತ್ತು ಡಾಡ್ಜ್ ಮಾಡುತ್ತದೆ, ಅಂದರೆ ಏಟು ತಪ್ಪಿಸಿಕೊಳ್ಳಲು ನೋಡುತ್ತದೆ, ಅಷ್ಟೇ. ಪೆನುಕೊಂಡದ ಬಾಗಿಲ ಮುಂದಿನ ಜಗಳದಲ್ಲಿ ಹಗರಿಯದಕ್ಕಿಂತ ಎರಡು ಪಟ್ಟು ಜನ ಇದ್ದರು, ಎರಡು ವಾರದೊಳಗೆ ಮುಗಿಯಿತು. ಮೂಗು ಮುರಿದವರು ಈಗ ಇದೇ ನಿಯಮ ಇಸ್ಕೊಂಡು ಹೋಗಿದ್ದಾರೆ.

ಸುಮ್ಮನಾದವರನ್ನು ಮತ್ತೆ ಬರೆಸಲು ನಾನು ಕಳಿಸುವ ಖಾಸಗಿ ಮೆಸೇಜ್ ಒಂದಿದೆ, ಎರಡೇ ಸಾಲು. ಅದನ್ನು ಕಳಿಸಲು ಶುರು ಮಾಡಿದ ಮೇಲೆ ಒಬ್ಬರೂ ಆಟ ಬಿಟ್ಟಿಲ್ಲ. ಅದನ್ನು ಇಲ್ಲಿ ಹಾಕಲ್ಲ, ನನ್ನ ಆಟಗಾರರು ಓದಿಬಿಟ್ಟರೆ ಮುಂದೆ ಕೆಲಸ ಮಾಡಲ್ಲ.

ನಡುವೆ ಡಿ20 (ಇಪ್ಪತ್ತು ಮುಖದ ದಾಳ) ಬಿಟ್ಟು ಕವಡೆಯಲ್ಲೂ ಆಡಿ ನೋಡಿದೆ. ಚೌಕಾಬಾರದ ನಾಲ್ಕು ಕವಡೆ, ಎಸೆದು ಫೋಟೋ ಹಾಕುವುದು. ಒಂದು ಬಾಯಿ ಮೇಲಾದರೆ ಸೋಲು. ಎರಡಾದರೆ ಕೆಲಸ ಆಗುತ್ತದೆ, ಆದರೆ ಏನಾದರೂ ಕಳೆದುಕೊಳ್ಳಬೇಕು. ಮೂರಾದರೆ ಗೆಲುವು, ಚೌಕ ಬಿದ್ದರೆ ದೊಡ್ಡ ಗೆಲುವು, ನಾಲ್ಕೂ ಬೋರಲಾಗಿ ಬಾರ ಬಿದ್ದರೆ ಆಟಗಾರ ಹೇಳಿದ್ದೇ ಕಥೆ. ಲೆಕ್ಕದಲ್ಲಿ ಎರಡು ಬೀಳುವುದು 16ರಲ್ಲಿ 6 ಸಲ, ಬಾರ ಒಂದೇ ಸಲ. ಕವಡೆಯ ಎರಡು ಮೈ ಒಂದೇ ತರ ಇಲ್ಲವಲ್ಲ, ಅದರಿಂದ ನನ್ನ ಕವಡೆಗಳಲ್ಲಿ ಈ ಲೆಕ್ಕ ಸ್ವಲ್ಪ ಆಚೀಚೆ. ಜಗಳಕ್ಕೆ ಇದು ಆಗಲ್ಲ. ಸಂಧಾನಕ್ಕೆ, ಸುಳ್ಳು ಹೇಳಿ ದಾಟಿಕೊಳ್ಳುವ ಜಾಗಕ್ಕೆ ಡಿ20ಗಿಂತ ಎಷ್ಟೋ ಚೆನ್ನ.

ಇನ್ನೊಂದು ಸಲ ಗುಟ್ಟಿನ ಸುದ್ದಿಯನ್ನು ನಿಜವಾದ ಇನ್‌ಲ್ಯಾಂಡ್ ಲೆಟರ್‌ನಲ್ಲಿ ಬರೆದು ಧಾರವಾಡಕ್ಕೆ ಹಾಕಿದೆ. ಎರಡೂವರೆ ರೂಪಾಯಿ. ತಲುಪಲು ವಾರ ಹಿಡಿಯಿತು. ಮಾವುತನಾಗಿ ಆಡುತ್ತಿದ್ದವರು ಅದನ್ನು ಯಾರಿಗೂ ಹೇಳದೆ ತಿಂಗಳುಗಟ್ಟಲೆ ಇಟ್ಟುಕೊಂಡು, ಪೆನುಕೊಂಡ ಕಣ್ಣಿಗೆ ಬಿದ್ದ ಮೇಲೆ ಅದರ ಫೋಟೋ ಕಥೆ ಚಾನೆಲ್‌ಗೆ ಹಾಕಿದರು. ಅವತ್ತು ರಾತ್ರಿ ಹತ್ತರ ತನಕ ಯಾರೂ ಕಾಯಲಿಲ್ಲ, ಅರ್ಧ ಗಂಟೆಯಲ್ಲಿ ಎಲ್ಲರ ಪೋಸ್ಟ್ ಬಿದ್ದಿತ್ತು.

ಒಟ್ಟು ಖರ್ಚು ಐದು ಸಾವಿರದ ಸುತ್ತಮುತ್ತ. ಅದರಲ್ಲಿ ಆ ಚಂದಾ, ಮತ್ತೆ ಒಂದು ಸಲವೂ ಬಳಸದ ರೆಡಿಮೇಡ್ ಸಾಹಸಗಳ ಪಿಡಿಎಫ್, ಎಲ್ಲಾ ಸೇರಿ ಅರ್ಧ ನೀರಿಗೆ ಹೋಯಿತು. ಉಳಿದ ಅರ್ಧ ಕಲಾವಿದೆಯೊಬ್ಬರಿಂದ ಕೈಯಲ್ಲೇ ಬರೆಸಿದ ಹಂಪಿ–ಪೆನುಕೊಂಡ ನಕ್ಷೆಗೆ. ಅದರಲ್ಲಿ ಮಾತ್ರ ಚೌಕಾಸಿ ಮಾಡಬೇಡಿ. ಪಿನ್ ಮಾಡಿಟ್ಟ ಮೇಲೆ ಎಲ್ಲರೂ ಬರೆಯುವ ಮುಂಚೆ ಅದನ್ನೇ ತೆರೆದು ನೋಡುತ್ತಿದ್ದರು, "ಈಗ ಎಲ್ಲಿದ್ದೀವಿ?" ಅನ್ನೋ ಪ್ರಶ್ನೆ ಹರಟೆ ಚಾನೆಲ್‌ನಲ್ಲಿ ನಿಂತೇಹೋಯಿತು.