ಹಾಲು ಇಳಿದ ಮೇಲೂ ತುಪ್ಪ ಇಳಿಯದಿದ್ದರೆ

ಹೆರಿಗೆಯ ನಂತರ ಮೈ ಇಳಿಯಲಿಲ್ಲ ಎಂದರೆ ಎಲ್ಲರೂ ಬೈಯುವುದು ಮೊದಲ ಮೂರು ತಿಂಗಳ ತುಪ್ಪವನ್ನು, ಅಂಟಿನುಂಡೆಯನ್ನು. ಪಾಪ, ಅವುಗಳ ತಪ್ಪು ಅಷ್ಟೇನೂ ಇರುವುದಿಲ್ಲ. ಲೆಕ್ಕ ತಪ್ಪುವುದು ಆರು ತಿಂಗಳಾದ ಮೇಲೆ. ಮಗು ರಾಗಿ ಸರಿಗೆ ಬಾಯಿ ಹಾಕಿ ಎದೆಹಾಲು ಕಡಿಮೆ ಮಾಡಿರುತ್ತದೆ, ತಾಯಿಯ ತಟ್ಟೆ ಮಾತ್ರ ಬಾಣಂತಿ ತಟ್ಟೆಯಾಗಿಯೇ ಉಳಿದಿರುತ್ತದೆ.

ಹಂತ 1: ಆರು ವಾರ ತೂಕ ನೋಡಬೇಡಿ

ಮಗು, ಮಾಸು, ಮಗುವಿನ ಸುತ್ತಲಿದ್ದ ನೀರು ಎಲ್ಲ ಸೇರಿ ಹೆರಿಗೆಯ ದಿನವೇ ಸುಮಾರು 5-6 ಕೆ.ಜಿ. ಹೋಗಿರುತ್ತದೆ. ಮೈಯಲ್ಲಿ ತುಂಬಿದ್ದ ನೀರು ಮುಂದಿನ ಎರಡು ವಾರದಲ್ಲಿ ಇಳಿಯುತ್ತದೆ. ಗರ್ಭಕೋಶ ಮೊದಲಿನ ಗಾತ್ರಕ್ಕೆ ಬರಲು ಸುಮಾರು ಆರು ವಾರ ಬೇಕು. ಅಲ್ಲಿಯವರೆಗೆ ಕಾಣುವ ಹೊಟ್ಟೆಯೆಲ್ಲ ಕೊಬ್ಬಲ್ಲ. ಹೊಟ್ಟೆ ತುಂಬ ಉಣ್ಣಿ, ಮನೆಯೊಳಗೆ ಓಡಾಡಿ. ಕೊಟ್ಟಿರುವ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳನ್ನು ಒಟ್ಟಿಗೆ ನುಂಗದೆ ಬೇರೆ ಬೇರೆ ಹೊತ್ತಿನಲ್ಲಿ ತೆಗೆದುಕೊಳ್ಳಿ.

ನೀರು ಕುಡಿದರೆ ಬಾಣಂತಿಗೆ ಹೊಟ್ಟೆ ಬರುತ್ತದೆ ಎಂಬ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ. ನೀರು ಕಡಿಮೆಯಾದರೆ ಬರುವುದು ಮಲಬದ್ಧತೆ ಮತ್ತು ತಲೆನೋವು. ಪ್ರತಿ ಸಲ ಹಾಲೂಡಿಸುವಾಗಲೂ ಪಕ್ಕದಲ್ಲಿ ಒಂದು ಲೋಟ ನೀರಿರಲಿ. ಹೊಟ್ಟೆ ಕಟ್ಟುವ ಬಟ್ಟೆ, ಅಂಗಡಿಯ ಬೆಲ್ಟು ಸೊಂಟಕ್ಕೆ ಆಸರೆ ಕೊಟ್ಟಾವು, ಕೊಬ್ಬನ್ನು ಒಂದು ಗ್ರಾಂ ಕೂಡ ಕರಗಿಸವು. ಉಸಿರು ಕಟ್ಟುವಷ್ಟು ಬಿಗಿದರೆ ಒತ್ತಡವೆಲ್ಲ ಕೆಳಗೆ, ಮೂತ್ರ ಹಿಡಿದಿಡುವ ಸ್ನಾಯುಗಳ ಮೇಲೆ ಬೀಳುತ್ತದೆ.

ಹಂತ 2: ಮೂರು ಪರೀಕ್ಷೆ

ಬಸಿರಿನಲ್ಲಿ ಸಕ್ಕರೆ ಕಾಯಿಲೆ ಬಂದಿದ್ದವರು 6ರಿಂದ 12 ವಾರದೊಳಗೆ 75 ಗ್ರಾಂ ಗ್ಲೂಕೋಸ್ ಕುಡಿದು ಮಾಡುವ ರಕ್ತಪರೀಕ್ಷೆ ಮಾಡಿಸಬೇಕು. ಅತಿಯಾದ ಸುಸ್ತು, ಚಳಿ, ತಿನ್ನದಿದ್ದರೂ ಏರುವ ತೂಕ ಇದ್ದರೆ ಥೈರಾಯ್ಡ್ ನೋಡಿಸಿ. ಹೆರಿಗೆಯ ನಂತರದ ತಿಂಗಳುಗಳಲ್ಲಿ ಅದು ಏರುಪೇರಾಗುವುದುಂಟು, ಆಗ ಪಥ್ಯ ಮಾಡಿ ಪ್ರಯೋಜನವಿಲ್ಲ.

ಮೂರನೆಯದನ್ನು ಮನೆಯಲ್ಲೇ ಮಾಡಬಹುದು. ಅಂಗಾತ ಮಲಗಿ ಮೊಣಕಾಲು ಮಡಚಿ, ತಲೆಯನ್ನು ಸ್ವಲ್ಪ ಎತ್ತಿ, ಹೊಕ್ಕಳಿನ ಮೇಲೆ ಮತ್ತು ಕೆಳಗೆ ಬೆರಳನ್ನು ಅಡ್ಡಲಾಗಿ ಇಟ್ಟು ಒತ್ತಿ. ನಡುವೆ ಎರಡು ಬೆರಳಿಗಿಂತ ಹೆಚ್ಚು ಜಾಗ ಸಿಕ್ಕರೆ ಹೊಟ್ಟೆಯ ಸ್ನಾಯುಗಳು ಇನ್ನೂ ಕೂಡಿಲ್ಲ ಎಂದರ್ಥ. ಇಂಥವರು ಮಲಗಿ ಏಳುವ ಹೊಟ್ಟೆಯ ಕಸರತ್ತು ಮಾಡಿದರೆ ಹೊಟ್ಟೆ ಇನ್ನಷ್ಟು ಮುಂದೆ ಬರಬಹುದು. ಫಿಸಿಯೋಥೆರಪಿಸ್ಟ್‌ಗೆ ಒಮ್ಮೆ ತೋರಿಸಿ.

ಹಂತ 3: ವಾರಕ್ಕೊಮ್ಮೆ ತೂಗಿ

ಪ್ರತಿ ವಾರ ಅದೇ ದಿನ, ಅದೇ ಹೊತ್ತು, ಖಾಲಿ ಹೊಟ್ಟೆ. ದಿನಾ ನೋಡಿದರೆ ಉಪ್ಪು-ನೀರಿನ ಒಂದು ಕೆ.ಜಿ. ಏರಿಳಿತಕ್ಕೆ ಸುಮ್ಮನೆ ತಲೆ ಕೆಡುತ್ತದೆ. ಸೊಂಟವನ್ನು ಟೇಪಿನಿಂದ ಅಳೆಯಿರಿ. ನಮ್ಮ ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ದಾಟಬಾರದು. ಹಾಲೂಡಿಸುವವರು ವಾರಕ್ಕೆ ಅರ್ಧ ಕೆ.ಜಿ.ಗಿಂತ ವೇಗವಾಗಿ ಇಳಿಸಲು ಹೋಗಬಾರದು.

ಹಂತ 4: ಆರು ತಿಂಗಳವರೆಗೆ ತಟ್ಟೆಯ ಒಳಗನ್ನು ಬದಲಿಸಿ

ಮೊದಲ ಆರು ತಿಂಗಳು ಹಾಲೂಡಿಸುವ ತಾಯಿಗೆ ದಿನಕ್ಕೆ 600 ಕ್ಯಾಲೊರಿ ಹೆಚ್ಚು ಬೇಕು, ಸುಮಾರು 17 ಗ್ರಾಂ ಪ್ರೋಟೀನೂ ಹೆಚ್ಚು ಬೇಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ. ಬಾಣಂತಿ ಊಟದಲ್ಲಿ ಮೊದಲನೆಯದು ಧಾರಾಳ, ಎರಡನೆಯದು ಬರ. ಮೆಣಸು, ಬೆಳ್ಳುಳ್ಳಿಯ ತಿಳಿಸಾರಿನಲ್ಲಿ ಬೇಳೆ ಹುಡುಕಬೇಕು. ಅದರ ಜೊತೆ ದಿನಾ ಒಂದು ಬಟ್ಟಲು ಬೇಯಿಸಿದ ಹೆಸರುಕಾಳೋ ಅಲಸಂದೆಯೋ, ಒಂದು ಬಟ್ಟಲು ಮೊಸರು ಇರಲಿ. ತಿನ್ನುವವರಿಗೆ ಎರಡು ಮೊಟ್ಟೆ ಅಥವಾ ಮೀನು. ಸಬ್ಬಸಿಗೆ, ಮೆಂತ್ಯ ಸೊಪ್ಪು ಎಷ್ಟಾದರೂ ಸರಿ.

ತುಪ್ಪ ಬಿಡಬೇಕಿಲ್ಲ, ಆದರೆ ಮಿಳ್ಳೆಯಿಂದ ಸುರಿಯುವುದನ್ನು ನಿಲ್ಲಿಸಿ. ಒಂದು ಟೀ ಚಮಚ ಎಂದರೆ 45 ಕ್ಯಾಲೊರಿ. ಅತ್ತೆಯೋ ಅಮ್ಮನೋ ಪ್ರೀತಿಯಿಂದ ಓರೆ ಮಾಡಿದ ಮಿಳ್ಳೆಯಿಂದ ಬೀಳುವುದು ಅಂಥ ಮೂರು ಚಮಚ. ಬಾಣಂತಿಯರಿಗೆಂದೇ ಡಬ್ಬಿಯಲ್ಲಿ ಬರುವ ಪುಡಿಗಳನ್ನು ಕೊಳ್ಳುವ ಮುನ್ನ ಹಿಂಬದಿ ಓದಿ. ಪದಾರ್ಥಗಳ ಪಟ್ಟಿಯಲ್ಲಿ ಸಕ್ಕರೆ ಮೊದಲೆರಡು ಸ್ಥಾನದಲ್ಲಿದ್ದರೆ ಡಬ್ಬಿಯನ್ನು ಅಲ್ಲೇ ಇಟ್ಟು ಬನ್ನಿ.

ಹಂತ 5: ಹಾಲು ಇಳಿದಂತೆ ಊಟ ಇಳಿಸಿ

ಬಹುಪಾಲು ಮನೆಗಳಲ್ಲಿ ಕೆಡುವುದು ಇಲ್ಲೇ. 100 ಮಿ.ಲೀ. ಎದೆಹಾಲು ತಯಾರಿಸಲು ದೇಹ ಸುಮಾರು 80 ಕ್ಯಾಲೊರಿ ಖರ್ಚು ಮಾಡುತ್ತದೆ. ದಿನಕ್ಕೆ 750 ಮಿ.ಲೀ. ಆಗುತ್ತಿದ್ದಾಗ 600 ಹೋಗುತ್ತಿತ್ತು. 26 ವಾರದ ರಜೆ ಮುಗಿದು ಕೆಲಸಕ್ಕೆ ಹೊರಟು ಹಾಲು ಅರ್ಧವಾದರೆ ಹೋಗುವುದು 300. ಹಸಿವೆಗೆ ಈ ಸುದ್ದಿ ತಲುಪಿರುವುದಿಲ್ಲ, ಅದು ಹಳೆಯ ಹೊತ್ತಿಗೇ ಹಳೆಯಷ್ಟೇ ಕೇಳುತ್ತದೆ.

ಆದ್ದರಿಂದ ಕ್ಯಾಲೊರಿ ಎಣಿಸುವ ಬದಲು ಮಗು ಎಷ್ಟು ಸಲ ಕುಡಿಯುತ್ತದೆ ಎಂದು ಎಣಿಸಿ. ಎಂಟು ಸಲ ಇದ್ದದ್ದು ಐದಕ್ಕೆ ಬಂತೆಂದರೆ ದಿನದ ಅಂಟಿನುಂಡೆ ನಿಲ್ಲಬೇಕು. 40 ಗ್ರಾಮಿನ ಒಂದು ಉಂಡೆಯಲ್ಲೇ 180-200 ಕ್ಯಾಲೊರಿ ಇರುತ್ತದೆ. ಮೂರಕ್ಕೆ ಬಂದಾಗ ದಿನದ ತುಪ್ಪ ಎರಡು ಟೀ ಚಮಚಕ್ಕೆ ಇಳಿಯಬೇಕು. ಬೆಳಗ್ಗೆ, ರಾತ್ರಿ ಮಾತ್ರ ಎಂದಾದಾಗ ಎರಡನೇ ಸಲ ಬಡಿಸಿಕೊಳ್ಳುವ ಒಂದು ಬಟ್ಟಲು ಅನ್ನ ಹೋಗಬೇಕು, ಅದೂ ಸುಮಾರು 200. ಮಗು ರಾತ್ರಿ ಸಮಾಧಾನಕ್ಕೆ ಎರಡು ನಿಮಿಷ ಚೀಪುವುದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಈ ಕ್ರಮ ಬದಲಿಸಬೇಡಿ, ಮೂರನ್ನೂ ಒಂದೇ ದಿನ ಬಿಡಬೇಡಿ. ಒಂದರಿಂದ ಇನ್ನೊಂದಕ್ಕೆ ಕನಿಷ್ಠ ಎರಡು ವಾರ ಬಿಡುವಿರಲಿ. ಒಟ್ಟಿಗೆ ಬಿಟ್ಟವರು ಸಂಜೆ ನಾಲ್ಕಕ್ಕೆ ಬೇಕರಿ ಮುಂದೆ ಖಾರಾ ಬನ್ನು, ದಿಲ್‌ಪಸಂದ್ ಹಿಡಿದು ನಿಂತಿರುತ್ತಾರೆ. ಕಾಳು, ಮೊಸರು, ಮೊಟ್ಟೆ, ಸೊಪ್ಪನ್ನು ಮಾತ್ರ ಯಾವ ಹಂತದಲ್ಲೂ ಕಡಿಮೆ ಮಾಡಬಾರದು. ಹಾಲೂಡಿಸುತ್ತಿರುವಷ್ಟು ದಿನ ಒಟ್ಟು ಊಟ 1800 ಕ್ಯಾಲೊರಿಗಿಂತ ಕೆಳಗೆ ಹೋಗಬಾರದು. ಅನ್ನ, ಮುದ್ದೆ ಪೂರ್ತಿ ಬಿಡಿಸುವ ಕೀಟೋ ಪಥ್ಯ ಈಗ ಅಪಾಯಕಾರಿ. ತೂಕ ಇಳಿಸುವ ಚುಚ್ಚುಮದ್ದನ್ನು ಹಾಲೂಡಿಸುವವರು ಕೇಳಲೂ ಹೋಗಬೇಡಿ. 'ಸ್ಲಿಮ್ಮಿಂಗ್ ಟೀ'ಗಳಲ್ಲಿ ಹೆಚ್ಚಾಗಿ ಇರುವುದು ಸೋನಾಮುಖಿ. ಅದರಿಂದ ಭೇದಿಯಾಗಿ ಹೋಗುವುದು ನೀರು, ಕೊಬ್ಬಲ್ಲ.

ಮಗುವಿನ ಬಟ್ಟಲಿನದು ಇನ್ನೊಂದು ಕಳ್ಳದಾರಿ. ಮಿಕ್ಕ ಸರಿ, ಅರ್ಧ ಬಾಳೆಹಣ್ಣು, ತುಪ್ಪ ಹಾಕಿ ಕಿವುಚಿದ ಅನ್ನ ದಿನಕ್ಕೆ ಮೂರು ಸಲ ಅಮ್ಮನ ಬಾಯಿಗೇ ಹೋಗುತ್ತದೆ, ಊಟವೆಂದು ಯಾರೂ ಲೆಕ್ಕ ಹಿಡಿಯುವುದಿಲ್ಲ. ಅನ್ನ ಚೆಲ್ಲಬಾರದು ಎಂಬುದು ಸರಿಯೇ, ಅದಕ್ಕೇ ಬೇಯಿಸುವಾಗಲೇ ಕಡಿಮೆ ಬೇಯಿಸಿ. ಆರು ತಿಂಗಳ ಕೂಸಿಗೆ ಶುರುವಿನಲ್ಲಿ ಒಂದು ಹೊತ್ತಿಗೆ ಎರಡು ಮೂರು ಚಮಚ ಸಾಕು.

ಹಂತ 6: ನಡಿಗೆ

ದಿನಕ್ಕೆ ಹತ್ತು ನಿಮಿಷದಿಂದ ಶುರುಮಾಡಿ, ವಾರಕ್ಕೆ ಐದೈದು ನಿಮಿಷ ಏರಿಸಿ, 40ಕ್ಕೆ ನಿಲ್ಲಿಸಿ. ಮೂತ್ರ ತಡೆದಂತೆ ಸ್ನಾಯು ಬಿಗಿಹಿಡಿದು ಐದು ಸೆಕೆಂಡ್ ಇದ್ದು ಬಿಡುವುದನ್ನು ಹತ್ತು ಸಲದಂತೆ ದಿನಕ್ಕೆ ಮೂರು ಬಾರಿ ಮಾಡಿ. ಮೂರು ತಿಂಗಳ ನಂತರ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ತಳ್ಳುವುದು ತಲಾ ಹತ್ತು. ಸಿಸೇರಿಯನ್ ಆದವರು ಆರು ವಾರ ಮಗುವಿಗಿಂತ ಭಾರದ್ದನ್ನು ಎತ್ತಬಾರದು, ತುಂಬಿದ ಬಿಂದಿಗೆಯೂ ಬೇಡ.

ಅಪ್ಪಂದಿರಿಗೆ

ನಿದ್ದೆಗೆಟ್ಟರೆ ಸಿಹಿಯ ಮೇಲೆ ಆಸೆ ಹೆಚ್ಚುತ್ತದೆ, ಇದರಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ರಾತ್ರಿ ಎರಡಕ್ಕೆ ಕೈಗೆ ಸಿಗುವಂತೆ ಬಿಸ್ಕತ್ತಿನ ಡಬ್ಬಿ ಇಡಬೇಡಿ, ಹಿಡಿ ಹುರಿಗಡಲೆ ಇಡಿ. ರಾತ್ರಿ ಒಂದು ಪಾಳಿ ಮಗುವನ್ನು ಅಪ್ಪ ನೋಡಿಕೊಂಡರೆ ತಾಯಿಗೆ ಒಂದೇ ಸಮನೆ ನಾಲ್ಕು ಗಂಟೆ ನಿದ್ದೆ ಸಿಗುತ್ತದೆ. ಬಾಣಂತಿಯನ್ನು ನೋಡಲು ಬಂದವರು ತಂದ ಸ್ವೀಟ್ ಬಾಕ್ಸುಗಳು ಎರಡನೇ ದಿನಕ್ಕೆ ಮನೆಯಲ್ಲಿ ಇರಬಾರದು. ಹಾಗೆಂದು ಅಪ್ಪನೇ ಕೂತು ಖಾಲಿ ಮಾಡುವುದೂ ಬೇಡ, ಆಫೀಸಿಗೆ ಒಯ್ಯಿರಿ.

ತೂಕ ಇಳಿದ ಮೇಲೂ ಮಗುವಿಗೆ ಎರಡು ವರ್ಷ ತುಂಬುವವರೆಗೆ ವಾರದ ತೂಕ ಬರೆದಿಡುವುದು ಮುಂದುವರಿಯಲಿ. ಇಳಿದ ತೂಕದ ಮೇಲೆ 2 ಕೆ.ಜಿ. ಏರಿತೋ, ಐದನೇ ಹಂತಕ್ಕೆ ವಾಪಸ್ ಹೋಗಿ ಮೊದಲು ಮಿಳ್ಳೆ ಮತ್ತು ಮಗುವಿನ ಬಟ್ಟಲು ನೋಡಿ.